ಫಿನ್ಲೆ ಪೀಟರ್ ಡನ್ನನೂ ಅವನ ಹಾಸ್ಯಪಾತ್ರವೂ

ಹಾಸ್ಯವು ಆಡುಮಾತನ್ನು ಆಶ್ರಯಿಸಿದಾಗ ಪುಷ್ಟವಾಗುವುದೆಂಬುದನ್ನು ಭರತಖಂಡದ ನಾಟಕಕರ್ತರು ಬಹು ಪೂರ್ವದಲ್ಲಿಯೇ ಅರಿತಿದ್ದರು. ರಾಜನು ಸಂಸ್ಕೃತವನ್ನಾಡುತ್ತಿರಲು ಅವನ ಮಿತ್ರನಾದ ವಿದೂಷಕನು, ಬ್ರಾಹ್ಮಣನಾಗಿದ್ದರೂ, ಪ್ರಾಕೃತದಲ್ಲಿಯೇ ಮಾತನಾಡುವನು. ಇತರರು ಹೇಳಲಂಜುವುದನ್ನು ರಾಜನ ಇದಿರಿನಲ್ಲಿ ನುಡಿಯುವ ಸಲಿಗೆಯೂ ಅವನಿಗುಂಟು. ಇಂತಹುದೇ ಒಂದು ಪಾತ್ರವು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಷಿಕಾಗೊ ನಗರದ ವಾರ್ತಾಪತ್ರಿಕೆಯೊಂದರಲ್ಲಿ ಹುಟ್ಟಿತು. ಪಾತ್ರದ ಹೆಸರು ಮಾರ್ಟಿನ್ ಡೂಲಿ. ಅದರ ಕರ್ತೃ ಫಿನ್ಲೆ ಪೀಟರ್ ಡನ್. ಆಳುವವರನ್ನು ಹಾಸ್ಯಮಾಡಿದವನಿಗೆ ಆಳುವವರ ಸ್ನೇಹವೇ ದೊರೆತರೆ ಅವನ ಹಾಸ್ಯದ ಗತಿಯೇನು ಎಂಬ ಪ್ರಶ್ನೆಗೆ ಈತನ ಜೀವಿತವು ಉತ್ತಮವಾದ ನಿದರ್ಶನವಾಗಿದೆ.

ಡನ್ನನು ೧೮೬೭ನೆಯ ಇಸವಿ ಜುಲೈ ೧೦ರಂದು ಷಿಕಾಗೊ ನಗರದಲ್ಲಿ ಜನಿಸಿದನು. ಐರ್ಲೆಂಡಿನ ಮೂಲದವರಾದ ಈ ಕುಟುಂಬದಲ್ಲಿ ತಂದೆಯು ಬಡಗಿಯ ಕೆಲಸದಿಂದ ಜೀವಿಸುತ್ತಿದ್ದನು. ಶಾಲೆಯಲ್ಲಿ ಈತನು ತನ್ನ ತರಗತಿಗೆ ಕಡೆಯವನಾಗಿ ಉತ್ತೀರ್ಣನಾದನು. ೧೮೮೪ರಲ್ಲಿ ಪತ್ರಿಕಾಲಯವೊಂದನ್ನು ಹುಡುಗಾಳಾಗಿ ಸೇರಿದವನು, ಇಪ್ಪತ್ತೊಂದು ವರ್ಷ ತುಂಬುವ ವೇಳೆಗೆ ‘ಷಿಕಾಗೊ ಟೈಮ್ಸ್’ ಪತ್ರಿಕೆಯಲ್ಲಿ ನಗರವಾರ್ತೆಗಳ ಸಂಪಾದಕನಾದನು. ಪಾಠಶಾಲೆಯು ಕೊಡದಿದ್ದ ವಿದ್ಯೆಯನ್ನು ಬೀದಿಯೂ, ನ್ಯಾಯಸ್ಥಾನವೂ, ಪಾನಗೃಹವೂ ಅವನಿಗೆ ಕೊಟ್ಟುವೆಂದರೆ ತಪ್ಪಾಗದು.

‘ಈವನಿಂಗ್ ಪೋಸ್ಟ್’ ಪತ್ರಿಕೆಯನ್ನು ಸೇರಿದ ಮೇಲೆ ಆತನು ಕರ್ನಲ್ ಮೆಕ್‌ನೀರಿ ಎಂಬ ಪಾತ್ರವನ್ನು ಕಲ್ಪಿಸಿದನು. ನಗರದ ಪಾನಗೃಹವೊಂದರ ಒಡೆಯನೇ ಇದಕ್ಕೆ ಮೂಲವೆಂದು ಎಲ್ಲರೂ ಗುರುತಿಸಿಬಿಟ್ಟುದರಿಂದ ಆ ಮನುಷ್ಯನು ಅಸಮಾಧಾನಗೊಂಡನು. ಆಗ ಡನ್ನನು ಆ ಪಾತ್ರವನ್ನು ಕೈಬಿಟ್ಟು, ೧೮೯೩ನೆಯ ಅಕ್ಟೋಬರ್ ೭ರಂದು ಡೂಲಿಯನ್ನು ರಂಗಕ್ಕೆ ತಂದನು. ಡೂಲಿಯು ಐರ್ಲೆಂಡಿನ ರಾಸ್ಕಾಮನ್ ಪ್ರಾಂತದಿಂದ ವಲಸೆಬಂದ ವೃದ್ಧ ಬ್ರಹ್ಮಚಾರಿ. ನಗರದ ದಕ್ಷಿಣಕ್ಕಿರುವ ಬ್ರಿಜ್‌ಪೋರ್ಟ್ ಎಂಬ ಕೇರಿಯಲ್ಲಿ ಅವನ ಪಾನಗೃಹ. ಅವನ ಮಾತನ್ನು ಕೇಳುವವನು ಹೆನೆಸಿ, ಕಾರ್ಖಾನೆಯ ಕೂಲಿಗಾರ, ಬಹುಸಂತಾನವಂತ. ಕಾಲುವೆಯನ್ನು ಅಗೆಯಲು ಬಂದ ಐರಿಷ್ ಕೂಲಿಗಾರರು ಬೆಳೆಯಿಸಿದ ಆ ಕೇರಿಯ ನುಡಿಯನ್ನೇ, ಉಚ್ಚಾರಣೆಗೆ ತಕ್ಕಂತೆ ಅಕ್ಷರಗಳನ್ನು ಮಾರ್ಪಡಿಸಿ, ಡನ್ನನು ಬರೆದನು.

ಈ ಭಾಷೆಯು ಕೇವಲ ವಿನೋದಕ್ಕಾಗಿ ಬಂದುದಲ್ಲ. ಅಧಿಕಾರಿಯೊಬ್ಬನನ್ನು ಶಿಷ್ಟವಾದ ಇಂಗ್ಲಿಷಿನಲ್ಲಿ ಕಳ್ಳನೆಂದು ಕರೆದರೆ ಅಪಾಯವುಂಟು. ಐರಿಷ್ ಮುದುಕನೊಬ್ಬನು ತನ್ನ ತೊದಲು ಮಾತಿನಲ್ಲಿ ಹಾಗೆಂದರೆ ನ್ಯಾಯಸ್ಥಾನಕ್ಕೆ ಹೋಗುವವರಾರು? ಈ ಅಭಿಪ್ರಾಯವನ್ನು ಡನ್ನನೇ ಮುಂದೆ ತನ್ನ ಸ್ಮರಣೆಗಳಲ್ಲಿ ವ್ಯಕ್ತಪಡಿಸಿದನು. ೧೮೯೪ರಲ್ಲಿ ರೈಲ್ವೆ ಬಂಡಿಗಳ ತಯಾರಕನಾದ ಜಾರ್ಜ್ ಪುಲ್‌ಮನ್ ಎಂಬ ಧನಿಕನು ಕೂಲಿಗಾರರ ವೇತನವನ್ನು ತಗ್ಗಿಸಿ, ತನ್ನವೇ ಆದ ಮನೆಗಳ ಬಾಡಿಗೆಯನ್ನು ಮಾತ್ರ ತಗ್ಗಿಸದೆ ಹೋದನು. ಮುಷ್ಕರವೆದ್ದಿತು, ಸರ್ಕಾರದ ಸೈನ್ಯವು ಬಂದಿತು. ಹಸಿದ ಹೆಂಗಸರು ಮಕ್ಕಳನ್ನು ಕಂಡೂ ಕದಲದ ಆ ಧನಿಕನ ವಿಷಯದಲ್ಲಿ ಡೂಲಿಯು ಆಡಿದ ಮಾತುಗಳಲ್ಲಿ ಹಾಸ್ಯವು ಅತ್ಯಲ್ಪ. ಕರುಣವೂ ರೌದ್ರವೂ ಅಧಿಕ. ಆ ಲೇಖನದ ಮೊಳೆಗಳನ್ನು ಜೋಡಿಸಿದ ಮುದ್ರಣಾಲಯದ ಕೆಲಸಗಾರರು, ಡನ್ನನು ಒಳಬಂದಾಗ ತಮ್ಮ ಪೆಟ್ಟಿಗೆಗಳನ್ನು ಬಡಿದು ಅವನನ್ನು ಗೌರವಿಸಿದರೆಂದು ಹೇಳುವರು. ಯಾವ ಲೇಖಕನಿಗಾದರೂ ಇದಕ್ಕಿಂತ ಹಿರಿದಾದ ಸನ್ಮಾನವು ದುರ್ಲಭವೇ ಸರಿ.

೧೮೯೮ನೆಯ ಮೇ ತಿಂಗಳ ಮೊದಲ ದಿನ ಅಮೆರಿಕಾದ ನೌಕಾಪತಿ ಡ್ಯೂಯಿಯು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕೆಗಳನ್ನು ನಾಶಪಡಿಸಿದನು. ದೇಶವೆಲ್ಲ ಉನ್ಮತ್ತವಾಗಿದ್ದಾಗ ಡೂಲಿಯು, ಹೆಸರಿನ ಸಾದೃಶ್ಯವನ್ನು ಹಿಡಿದು, ಡ್ಯೂಯಿಯು ತನ್ನ ದಾಯಾದಿಯೆಂದು ಹೆಮ್ಮೆಪಟ್ಟುಕೊಂಡನು. ಈ ಲೇಖನವು ದೇಶದ ನಾನಾ ಪತ್ರಿಕೆಗಳಲ್ಲಿ ಪುನರ್ಮುದ್ರಿತವಾಯಿತು. ಅದೇ ವರ್ಷ ಡೂಲಿಯ ಮಾತುಗಳು ಪ್ರಥಮವಾಗಿ ಗ್ರಂಥರೂಪವನ್ನು ಪಡೆದುವು. ೧೮೯೯ರಲ್ಲಿ ಥಿಯೊಡೋರ್ ರೂಸ್‌ವೆಲ್ಟನು ಕ್ಯೂಬಾ ಯುದ್ಧದಲ್ಲಿ ತನ್ನ ದಳದ ಸಾಹಸವನ್ನು ಕುರಿತು ಬರೆದ ಗ್ರಂಥವನ್ನು ಡೂಲಿಯು ವ್ಯಾಜಸ್ತುತಿಗೆ ಗುರಿಮಾಡಿದನು. ಆ ದ್ವೀಪದಲ್ಲಿ ಗ್ರಂಥಕರ್ತನ ಹೊರತು ಬೇರೊಬ್ಬ ಯೋಧನೂ ಇರಲಿಲ್ಲವೇನೋ ಎಂಬ ಭಾವನೆ ಓದುಗರಿಗುಂಟಾಗುವಂತೆ ಅವನು ಅದನ್ನು ಹೊಗಳಿದನು. ರೂಸ್‌ವೆಲ್ಟನು ಕೋಪಗೊಳ್ಳಲಿಲ್ಲ, ತಾನೂ ತನ್ನ ಮನೆಯವರೂ ಓದಿ ಸಂತೋಷಪಟ್ಟೆವೆಂದು ಡನ್ನನಿಗೆ ಪತ್ರ ಬರೆದನು. ಅಲ್ಲಿಂದ ಇಬ್ಬರಿಗೂ ಮೈತ್ರಿ ಬೆಳೆಯಿತು. ೧೯೦೧ರ ಸೆಪ್ಟೆಂಬರಿನಲ್ಲಿ ರೂಸ್‌ವೆಲ್ಟನು ಅಧ್ಯಕ್ಷನಾದನು.

೧೯೦೦ರಲ್ಲಿ ಡನ್ನನು ನ್ಯೂಯಾರ್ಕಿಗೆ ತೆರಳಿದನು. ೧೯೦೨ರಲ್ಲಿ ಮಾರ್ಗರೆಟ್ ಆಬಟ್ ಎಂಬಾಕೆಯನ್ನು ವಿವಾಹವಾದನು. ೧೯೦೦ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಗಾಲ್ಫ್ ಆಟದಲ್ಲಿ ಜಯಗಳಿಸಿದವಳು ಈಕೆಯೇ. ೧೯೦೬ರಲ್ಲಿ ಈಡಾ ಟಾರ್ಬೆಲ್, ಲಿಂಕನ್ ಸ್ಟೆಫನ್ಸ್ ಮೊದಲಾದವರೊಡನೆ ‘ಅಮೆರಿಕನ್ ಮ್ಯಾಗಝೀನ್’ ಪತ್ರಿಕೆಯನ್ನು ನಡೆಯಿಸಲು ಕೂಡಿಕೊಂಡನು. ಧನಿಕರ ಸಹವಾಸವು ಹೆಚ್ಚಿದಂತೆ ಬರವಣಿಗೆಯು ವಿರಳವಾಯಿತು. ೧೯೨೭ರಲ್ಲಿ ಮೃತನಾದ ಮಿತ್ರ ಪೇನ್ ವಿಟ್ನಿಯು ಅವನಿಗೆ ಐದು ಲಕ್ಷ ಡಾಲರುಗಳನ್ನು ಬಿಟ್ಟುಹೋದನು; ಬರೆದು ಜೀವಿಸಬೇಕಾದ ಅಗತ್ಯವೂ ಆಗ ತೀರಿತು. ೧೯೩೬ನೆಯ ಏಪ್ರಿಲ್ ೨೪ರಂದು ಡನ್ನನು ಕಾಲವಾದನು.

ರಾಜಸ್ನೇಹದಿಂದ ವಿದೂಷಕನ ನಾಲಗೆಯು ಮೊಂಡಾಯಿತೆಂದು ಒಮ್ಮೆಗೇ ತೀರ್ಮಾನಿಸುವುದು ನ್ಯಾಯವಲ್ಲ. ಹೊಸದಾಗಿ ಗೆದ್ದ ದ್ವೀಪಗಳ ಜನರಿಗೆ ರಾಜ್ಯಾಂಗದ ಹಕ್ಕುಗಳೆಲ್ಲವೂ ಸಲ್ಲವೆಂದು ೧೯೦೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಾಗ, ನ್ಯಾಯಾಧೀಶರ ಕಣ್ಣು ಮತಗಳ ಎಣಿಕೆಯ ಮೇಲೂ ಇರುವುದೆಂದು ಡೂಲಿಯು ಮಾಡಿದ ಪರಿಹಾಸವನ್ನು ಅಮೆರಿಕಾದ ನ್ಯಾಯವಾದಿಗಳು ಇಂದಿಗೂ ಉದಾಹರಿಸುವರು. ಆದರೆ ಬೇರೊಂದು ನಷ್ಟವು ಸಂಭವಿಸಿತು. ದೇಶಕ್ಕೆಲ್ಲ ರುಚಿಸಬೇಕಾದ ಮಾತಿನಲ್ಲಿ ಬ್ರಿಜ್‌ಪೋರ್ಟಿನ ವಿಧವೆಗೂ, ಕೆಲಸ ಕಳೆದುಕೊಂಡ ಕೂಲಿಗಾರನಿಗೂ ಎಡೆಯಿಲ್ಲವಾಯಿತು. ಅವರನ್ನು ಕುರಿತ ಮೊದಲ ಲೇಖನಗಳಲ್ಲಿ ಬಹುಭಾಗವು ಡನ್ನನ ಗ್ರಂಥಗಳನ್ನು ಸೇರದೆ ಹಳೆಯ ಪತ್ರಿಕೆಗಳಲ್ಲಿಯೇ ಉಳಿದಿದ್ದಿತು. ೧೯೭೬ರಲ್ಲಿಯೂ ೧೯೭೮ರಲ್ಲಿಯೂ ಚಾರ್ಲ್ಸ್ ಫ್ಯಾನಿಂಗ್ ಎಂಬ ವಿದ್ವಾಂಸನು ಅವನ್ನು ಶೋಧಿಸಿ ಪ್ರಕಟಪಡಿಸಿ ವಿಮರ್ಶಿಸಿದ ಮೇಲೆಯೇ ಡನ್ನನ ಪೂರ್ಣಸ್ವರೂಪವು ಲೋಕಕ್ಕೆ ವಿದಿತವಾಯಿತು. ಅಧ್ಯಕ್ಷನನ್ನು ನಗಿಸಿದ ಡೂಲಿಗಿಂತ, ಮೊಳೆ ಜೋಡಿಸುವವರನ್ನು ಕಲಕಿದ ಡೂಲಿಯೇ ಹಿರಿಯನೆಂದು ಸಹೃದಯರು ಒಪ್ಪದಿರಲಾರರು.