ಕೊನೆಗೆ ಸಹಿ ಹಾಕಿದ ಪುಟ್ಟ ರಾಜ್ಯ



ಅಮೆರಿಕದ ಭೂಪಟ ತೆರೆದು ಪೂರ್ವ ಕರಾವಳಿಯಲ್ಲಿ ರೋಡ್ ಐಲೆಂಡ್ ರಾಜ್ಯವನ್ನು ಹುಡುಕಿ ನೋಡಿ. ಬೇಗನೆ ಕಣ್ಣಿಗೆ ಬೀಳುವುದಿಲ್ಲ. 50 ರಾಜ್ಯಗಳಲ್ಲಿ ವಿಸ್ತೀರ್ಣದಲ್ಲಿ ಅತಿ ಚಿಕ್ಕದು ಇದೇ. ಆದರೆ ಈ ವಸಾಹತು ರಾಜ್ಯವಾದ ಇತಿಹಾಸದಲ್ಲಿ ನಮಗೊಂದು ದೊಡ್ಡ ಪಾಠವಿದೆ.

ಇದರ ಆರಂಭವೇ ಒಂದು ಗಡೀಪಾರು. ಧರ್ಮದ ವಿಷಯದಲ್ಲಿ ಸರ್ಕಾರ ಯಾರನ್ನೂ ಶಿಕ್ಷಿಸಬಾರದು, ಮೂಲನಿವಾಸಿಗಳ ಭೂಮಿಯನ್ನು ಅವರ ಒಪ್ಪಿಗೆಯಿಲ್ಲದೆ ಪಡೆಯಬಾರದು ಎಂದು ಹೇಳಿದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿಯವರನ್ನು 1635ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಹೊರಹಾಕಿತು. ಕೊರೆಯುವ ಚಳಿಯಲ್ಲಿ ಅವರಿಗೆ ಆಸರೆ ನೀಡಿದವರು ಮೂಲನಿವಾಸಿಗಳು. 1636ರಲ್ಲಿ ನರಗಾನ್ಸೆಟ್ ಜನಾಂಗದ ನಾಯಕರಿಂದ ಜಾಗ ಪಡೆದು ಅವರು ಪ್ರಾವಿಡೆನ್ಸ್ ಊರನ್ನು ಕಟ್ಟಿದರು. ಆ ಜನರ ಭಾಷೆಯನ್ನು ಕಲಿತು 1643ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಧಾರ್ಮಿಕ ಅಭಿಪ್ರಾಯಭೇದಕ್ಕಾಗಿ ಯಾರಿಗೂ ಕಿರುಕುಳ ಕೊಡಬಾರದೆಂದು ದೊರೆ ಎರಡನೇ ಚಾರ್ಲ್ಸ್ 1663ರಲ್ಲಿ ನೀಡಿದ ಸನ್ನದು ಸಾರಿತು. ಕ್ವೇಕರ್ ಪಂಥದವರೂ ಯಹೂದಿಗಳೂ ಇಲ್ಲಿ ನೆಲೆಸಿದರು.

1776ರ ಮೇ 4ರಂದು, ಅಂದರೆ ಸ್ವಾತಂತ್ರ್ಯ ಘೋಷಣೆಗೆ ಎರಡು ತಿಂಗಳು ಮೊದಲೇ, ರೋಡ್ ಐಲೆಂಡ್ ಬ್ರಿಟಿಷ್ ದೊರೆಗೆ ತೋರುತ್ತಿದ್ದ ನಿಷ್ಠೆಯನ್ನು ತೊರೆಯಿತು. ಹೀಗೆ ಬಿಡುಗಡೆಗೆ ಮುಂದಾದ ರಾಜ್ಯ, ಹೊಸ ಒಕ್ಕೂಟ ಸೇರಲು ಮಾತ್ರ ಹಿಂದೇಟು ಹಾಕಿತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಿದಾಗ ತನ್ನ ಪ್ರತಿನಿಧಿಗಳನ್ನೇ ಕಳುಹಿಸಲಿಲ್ಲ. ಬಲಿಷ್ಠ ಕೇಂದ್ರ ಸರ್ಕಾರ ತೆರಿಗೆ ಹೇರೀತು, ತಾವು ಅಚ್ಚು ಹಾಕಿದ ಕಾಗದದ ಹಣಕ್ಕೆ ತಡೆಯೊಡ್ಡೀತು ಎಂಬ ಭಯ ರೈತರಿಗಿತ್ತು. ನಾಗರಿಕರ ಹಕ್ಕುಗಳ ಪಟ್ಟಿ ಆ ಸಂವಿಧಾನದಲ್ಲಿಲ್ಲ ಎಂಬ ಆಕ್ಷೇಪವೂ ಇತ್ತು. 1788ರಲ್ಲಿ ನಡೆದ ಮತದಾನದಲ್ಲಿ ಜನ ಭಾರೀ ಬಹುಮತದಿಂದ ಸಂವಿಧಾನವನ್ನು ತಿರಸ್ಕರಿಸಿದರು. 1789ರ ಕೊನೆಗೆ ಉಳಿದ 12 ರಾಜ್ಯಗಳೂ ಒಪ್ಪಿಯಾಗಿತ್ತು. ವ್ಯಾಪಾರ ನಿರ್ಬಂಧದ ಬೆದರಿಕೆ ಬಂದ ಮೇಲೆ, 1790ರ ಮೇ 29ರಂದು, 34-32 ಮತಗಳಿಂದ ರೋಡ್ ಐಲೆಂಡ್ ಸಂವಿಧಾನವನ್ನು ಅಂಗೀಕರಿಸಿತು. ಆಗಲೂ ಹಕ್ಕುಗಳ ಘೋಷಣೆಯೊಂದನ್ನು ಜೊತೆಗಿಟ್ಟೇ ಒಪ್ಪಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಧ್ಯಕ್ಷ ವಾಷಿಂಗ್ಟನ್ ನ್ಯೂಪೋರ್ಟ್ ನಗರದ ಯಹೂದಿಗಳಿಗೆ ಪತ್ರ ಬರೆದು, ಈ ಸರ್ಕಾರ ಮತಾಂಧತೆಗೆ ಸಮ್ಮತಿ ನೀಡುವುದಿಲ್ಲ ಎಂದು ಭರವಸೆಯಿತ್ತರು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಆಶ್ರಯ ಕೊಟ್ಟ ನರಗಾನ್ಸೆಟ್ ಜನರನ್ನು 1675ರಲ್ಲಿ ನೆರೆಯ ವಸಾಹತುಗಳ ಸೇನೆ ಇದೇ ನೆಲದಲ್ಲಿ ಕೊಂದುಹಾಕಿತು. ಅಂತಃಸಾಕ್ಷಿಯ ಸ್ವಾತಂತ್ರ್ಯ ಸಾರಿದ ಇದೇ ನ್ಯೂಪೋರ್ಟ್‌ನಿಂದ ಗುಲಾಮರನ್ನು ತರುವ ಹಡಗುಗಳು ಆಫ್ರಿಕಕ್ಕೆ ಹೊರಡುತ್ತಿದ್ದವು. ರಾಜ್ಯದ ಅಧಿಕೃತ ಹೆಸರಿನಲ್ಲಿದ್ದ 'ಪ್ರಾವಿಡೆನ್ಸ್ ಪ್ಲಾಂಟೇಶನ್ಸ್' ಎಂಬ ಪದಗಳು ಗುಲಾಮಗಿರಿಯನ್ನು ನೆನಪಿಸುತ್ತವೆಂದು ಮತದಾರರು ಅವನ್ನು ಕೈಬಿಟ್ಟದ್ದು 2020ರಲ್ಲಿ.

ವಿದ್ಯಾರ್ಥಿಗಳೇ, ಚಿಕ್ಕವರು ಹಕ್ಕನ್ನು ಲಿಖಿತವಾಗಿ ಕೇಳುವುದು ಹಟಮಾರಿತನವಲ್ಲ, ವಿವೇಕ. ಆದರೆ ನಮಗಾಗಿ ಕೇಳಿದ ಹಕ್ಕನ್ನು ನಮಗಿಂತ ದುರ್ಬಲರಿಗೂ ಕೊಟ್ಟೆವೇ? ಇತಿಹಾಸ ಓದುವಾಗ ಈ ಪ್ರಶ್ನೆಯನ್ನು ಮರೆಯದಿರಿ.