ತುಂತುರಿನ ಹದ: ಅಡಿಕೆ ಕೊನೆಯಿಂದ ಮನೆಯ ಬಾಗಿಲಿಗೆ

ಮುಂಗಾರು ಹಿಡಿಯುವ ಹೊತ್ತಿಗೆ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವಾಗ ನೀವು ಯಾವ ಅಡಿಕೆ ತೋಟಕ್ಕಿಳಿದರೂ ಒಂದೇ ನೋಟ ಕಾಣುತ್ತದೆ. ಮರದ ನೆತ್ತಿಯಲ್ಲಿ ಕೊನೆಗಾರ. ಬುಡದಲ್ಲಿ ಪೀಪಾಯಿ, ಪಂಪು, ಉದ್ದನೆಯ ಕೊಳವೆ. ಹಸಿರು ಕೊನೆಗಳ ಮೇಲೆ ತಿಳಿನೀಲಿ ಲೇಪ. ಈಚೆಗೆ ಕೆಲವೆಡೆ ಆಳು ನೆಲದ ಮೇಲೆಯೇ ನಿಂತು ಕಾರ್ಬನ್ ಫೈಬರಿನ ದೋಟಿ ಎತ್ತುತ್ತಾನೆ. ಬಾಗಿಲಿಗೋ ಬೀರುವಿಗೋ ಬಣ್ಣ ಹೊಡೆಯಲು ಸಿಂಪಡಿಸುವ ಯಂತ್ರವನ್ನು ಕೊಳ್ಳಬೇಕೆಂದಿರುವವರು ಅಂಗಡಿಗೆ ಹೊರಡುವ ಮುನ್ನ ಈ ತೋಟದ ಕಥೆಯನ್ನು ತುಸು ಕೇಳಬೇಕೆಂದು ನನ್ನ ಬಿನ್ನಹ. ದ್ರವವನ್ನು ತೆಳ್ಳಗೆ, ಎಲ್ಲೆಡೆಯೂ ಒಂದೇ ಸಮನಾಗಿ ಹರಡುವ ವಿದ್ಯೆಯನ್ನು ಮಲೆನಾಡು ಮೊದಲು ಕಲಿತದ್ದು ಮೈಲುತುತ್ತದ ಕೈಯಲ್ಲಿ.

ಕೊಳೆರೋಗ ಏನು ಮಾಡುತ್ತದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ. ಬಿಡದ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ರೋಗ ಸುಳಿಗೆ ಏರಿದರೆ ಮರವೇ ಹೋಗುತ್ತದೆ. ಹಿಂದಿನವರು ಹಾಳೆಯ ಕೊಟ್ಟೆಗಳನ್ನು ಕೊನೆಗಳಿಗೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಬೆನ್ನು ಹತ್ತಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಮೇಲೊಂದು ಪುಸ್ತಿಕೆಯನ್ನು ಪ್ರಕಟಿಸಿದರು. ನಮ್ಮ ರೈತರ ಬಾಯಿಯ ‘ಕೊಳೆರೋಗ’ ಎಂಬ ಮಾತೇ ವಿಜ್ಞಾನದ ಗ್ರಂಥಗಳಿಗೆ ಸೇರಿತೆಂಬುದು ಒಂದು ಸೊಗಸು. ಅವರು ಸೂಚಿಸಿದ ಮದ್ದು ಬೋರ್ಡೋ ದ್ರಾವಣ.

ಆ ಮದ್ದು ಫ್ರಾನ್ಸಿನದು. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಸುಣ್ಣವನ್ನೂ ಮೈಲುತುತ್ತವನ್ನೂ ಬೆರೆಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲಲಿಲ್ಲವೆಂಬುದನ್ನು ಕಂಡ ಪ್ರೊಫೆಸರ್ ಮಿಲಾರ್ಡೆ 1885ರಲ್ಲಿ ಅದರ ಗುಣವನ್ನು ಲೋಕಕ್ಕೆ ತಿಳಿಸಿದರು. ಮೊದಮೊದಲು ಕಸಪೊರಕೆಯಂಥ ಕಟ್ಟನ್ನು ಅದ್ದಿ ಚಿಮುಕಿಸುತ್ತಿದ್ದರು. ಚಿಮುಕಿಸಿದರೆ ಒಂದೆಡೆ ದಪ್ಪ ಹನಿ, ಇನ್ನೊಂದೆಡೆ ಬರಿ ಎಲೆ. ಬರಿದಾದ ಜಾಗವೇ ರೋಗಕ್ಕೆ ಬಾಗಿಲು. ಪಂಪೂ ಮೂತಿಯೂ ಬೇಕಾದುದು ಇದಕ್ಕಾಗಿ.

ಬಣ್ಣದ ಕಡೆಯಲ್ಲಿಯೂ ಅದೇ ಕಾಲಕ್ಕೆ ಇದೇ ಹುಡುಕಾಟ ನಡೆದಿತ್ತು. 1893ರ ಷಿಕಾಗೋ ವಸ್ತುಪ್ರದರ್ಶನದ ದೊಡ್ಡ ಕಟ್ಟಡಗಳಿಗೆ ಯಂತ್ರದಿಂದಲೇ ಬಿಳಿ ಬಣ್ಣ ಎರಚಿದರು. ಡಿವಿಲ್‌ಬಿಸ್ ಎಂಬ ಅಮೆರಿಕದ ವೈದ್ಯರು 1880ರ ದಶಕದಲ್ಲಿ ಗಂಟಲಿಗೆ ಔಷಧಿ ಸಿಂಪಡಿಸಲೆಂದು ಮಾಡಿದ ಪುಟ್ಟ ಪಿಚಕಾರಿಯಿಂದ ಬೆಳೆದು, ಅವರ ಮಗನ ಕೈಯಲ್ಲಿ 1907ರ ಸುಮಾರಿಗೆ ಬಣ್ಣದ ಗನ್ನು ಹುಟ್ಟಿತು.

ಹಾಗಾದರೆ ತೋಟದ ಪಂಪಿಗೇ ಬಣ್ಣ ತುಂಬಬಹುದಲ್ಲ ಎಂದೀರಿ. ಬೇಡ. ತೋಟದ ಪಂಪು ದ್ರವವನ್ನೇ ಒತ್ತಿ ದೂರಕ್ಕೆ ಹಾರಿಸುವಂಥದು. ಐವತ್ತು ಅಡಿ ಮೇಲಿನ ಕೊನೆಗೆ ಅದು ಬೇಕು, ಮೂರಡಿಯ ಬಾಗಿಲಿಗೆ ಬೇಡ. ಬಾಗಿಲು, ಬೀರು, ಕುರ್ಚಿಗಳಿಗೆ ಗಾಳಿಯೇ ಬಣ್ಣವನ್ನು ಒಡೆದು ತುಂತುರು ಮಾಡುವ ಗನ್ನು ಒಳ್ಳೆಯದು. ಅದರಲ್ಲಿಯೂ ಹೆಚ್ಚು ಗಾಳಿ, ಕಡಿಮೆ ಒತ್ತಡದ ಬಗೆಯಾದರೆ ಬಣ್ಣ ಸುಮ್ಮನೆ ಹಾರಿಹೋಗುವುದು ಕಡಿಮೆ. ವಾರ್ನಿಷಿಗೂ ಮೇಲ್ಬಣ್ಣಕ್ಕೂ ಸುಮಾರು 1.3ರಿಂದ 1.4 ಮಿಲಿಮೀಟರಿನ ಮೂತಿ ಸಾಕು. ಅಡಿಬಣ್ಣಕ್ಕೆ ಇನ್ನೂ ಅಗಲವಾದುದು ಬೇಕು. ಉದ್ದನೆಯ ಗೋಡೆಗಳಿಗೆ ಗಾಳಿಯಿಲ್ಲದೆ ಬರಿ ಒತ್ತಡದಿಂದ ಎರಚುವ ಯಂತ್ರ ಸರಿ. ಆದರೆ ಅದರ ಒತ್ತಡ ಚದರ ಅಂಗುಲಕ್ಕೆ ಸಾವಿರಾರು ಪೌಂಡು. ಮೂತಿಗೆ ಬೆರಳು ಅಡ್ಡ ಹಿಡಿದರೆ ಬಣ್ಣ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸಣ್ಣದೆಂದು ಮನೆಯಲ್ಲಿ ಕೂಡದೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಹದ ಮಾಡುವುದನ್ನು ತೋಟಗಾರನಿಂದಲೇ ಕಲಿಯಿರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಕೂಡಿಸಿದ ಮೇಲೆ ಹೊಳೆಯುವ ಚೂರಿಯನ್ನು ಅದ್ದಿ ನೋಡುತ್ತಾನೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಬಣ್ಣಕ್ಕೂ ಈ ತಾಳ್ಮೆ ಬೇಕು. ನೈಲಾನ್ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ತೂತಿರುವ ಅಳತೆ ಬಟ್ಟಲಿನಿಂದ ಅದು ಎಷ್ಟು ಸೆಕೆಂಡಿನಲ್ಲಿ ಸೋರಿ ಮುಗಿಯಿತೆಂದು ಎಣಿಸಿ, ಡಬ್ಬಿಯ ಮೇಲೆ ಬರೆದ ಹದಕ್ಕೆ ತನ್ನಿ. ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ. ಗನ್ನನ್ನು ಆರರಿಂದ ಎಂಟು ಅಂಗುಲ ದೂರದಲ್ಲಿ ನೇರವಾಗಿ ಹಿಡಿದು, ಕೈಯನ್ನು ಕಮಾನಿನಂತೆ ತಿರುಗಿಸದೆ, ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಬರುವಂತೆ ಸಾಗಿ. ಲೇಪ ಕಿತ್ತಳೆ ಸಿಪ್ಪೆಯಂತೆ ಕುಳಿಬಿದ್ದರೆ ಬಣ್ಣ ಗಟ್ಟಿ, ಇಲ್ಲವೆ ಗಾಳಿ ಸಾಲದು. ಇಳಿದು ಹರಿದರೆ ಕೈ ನಿಧಾನ, ಇಲ್ಲವೆ ಗನ್ನು ಬಲು ಹತ್ತಿರ. ಮರಳಿನಂತೆ ಒರಟಾದರೆ ಬಲು ದೂರ. ಮೂಗಿಗೆ ತಕ್ಕ ಮುಸುಕಿರಲಿ, ಕಿಟಕಿ ತೆರೆದಿರಲಿ, ಹತ್ತಿರ ಒಲೆಯ ಬೆಂಕಿ ಇರಕೂಡದು.

ಮಲೆನಾಡಿಗೆ ಮಾತ್ರ ಸಲ್ಲುವ ಮಾತು ಇನ್ನೊಂದಿದೆ. ಒಮ್ಮೆ ನಾನು ಆಷಾಢದ ಮಳೆಯಲ್ಲಿ, ಆತುರಕ್ಕೆ, ಬೀಟೆಯ ಬಾಗಿಲೊಂದಕ್ಕೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆದೆ. ನೋಡುನೋಡುತ್ತಿದ್ದಂತೆ ಅದು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ದ್ರಾವಕ ಬೇಗನೆ ಆರಿ ಮೈ ತಣ್ಣಗಾದಾಗ ಗಾಳಿಯ ತೇವವೆಲ್ಲ ಲೇಪದಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿಯ ಕೊಳವೆಯಲ್ಲಿ ನೀರು ಹಿಡಿಯುವ ಬಟ್ಟಲಿದ್ದರೂ ಹೊರಗಿನ ತೇವಕ್ಕೆ ಅದೇನು ಮಾಡೀತು? ಕೊನೆಗಳಿಗೆ ಮದ್ದು ಮಳೆಗೆ ಮುಂಚೆ, ಮತ್ತೆ ಸುಮಾರು ನಲವತ್ತೈದು ದಿನಕ್ಕೆ. ಬಾಗಿಲಿಗಾದರೆ ದೀಪಾವಳಿ ಕಳೆದು ಬಿಸಿಲು ಬಲಿತ ಮೇಲೆ. ಆ ಬಾಗಿಲನ್ನು ನಾನು ಉಜ್ಜಿ ತೆಗೆದು ಮತ್ತೆ ಹೊಡೆದದ್ದು ಪುಷ್ಯಮಾಸದಲ್ಲಿ.