ಹೆಬ್ಬೆರಳ ಉಗುರು ಮತ್ತು ಬಿ.ಟಿ. ಹತ್ತಿ

ಬಿ.ಟಿ. ಹತ್ತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 2002ರ ಮಾರ್ಚ್ 26ರಿಂದ ಹೊರಡುತ್ತಾರೆ. ಮಹಿಕೋ-ಮಾನ್ಸಾಂಟೋದ ಮೂರು ತಳಿಗಳಿಗೆ ಕೇಂದ್ರ ಸರ್ಕಾರದ ಸಮಿತಿ ಒಪ್ಪಿಗೆ ಕೊಟ್ಟ ದಿನ ಅದು. ಇನ್ನೂ ಹಿಂದೆ ಸರಿದರೆ 1998ರ ನವೆಂಬರ್‌ಗೆ ಹೋಗುತ್ತಾರೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ರಾಯಚೂರು ಸೀಮೆಯ ಪ್ರಯೋಗದ ಹೊಲಗಳಿಗೆ ಬೆಂಕಿಯಿಟ್ಟ ತಿಂಗಳು ಅದು. ಎರಡೂ ಲೆಕ್ಕದಲ್ಲಿ ಕಥೆಯ ನಾಯಕ ಪ್ರಯೋಗಾಲಯವೇ, ಇಲ್ಲವೇ ಕಂಪನಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಡೆಯಿಂದ ನೋಡಿದರೆ ಈ ಕಥೆ ಇನ್ನೂ ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತದೆ, ಅದರ ನಾಯಕತ್ವವೂ ಕೈ ಬದಲಿಸುತ್ತದೆ. ಹೊರಗಿನ ಜೀನ್ ಈ ಹೊಲಗಳಿಗೆ ಬಂದದ್ದು ಕೂಲಿ ಹೆಣ್ಣುಮಕ್ಕಳ ಹೆಬ್ಬೆರಳ ಉಗುರಿನ ಮೇಲೆ ಎಂಬುದು ನನ್ನ ವಾದ.

ಹತ್ತಿಯಲ್ಲಿ ಹೊಸತನ್ನು ಒಗ್ಗಿಸಿಕೊಳ್ಳುವುದು ಈ ಸೀಮೆಗೆ ಹಳೆಯ ರೂಢಿ. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಇಲ್ಲಿನ ನಾಡಹತ್ತಿಗೆ ವ್ಯಾಪಾರಿಗಳು ಬಂದರಿನ ಹೆಸರನ್ನೇ ಇಟ್ಟಿದ್ದರು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಬೀಜ ಬಿತ್ತಿಸಿತು. 1861ರಿಂದ 1865ರ ಅಮೆರಿಕದ ಅಂತರ್ಯುದ್ಧ ಬೆಲೆ ಏರಿಸಿದಾಗ ‘ಧಾರವಾಡ ಅಮೆರಿಕನ್’ ಹತ್ತಿ ಇಲ್ಲಿ ಬೇರೂರಿತು. ಆದರೆ ಅದುವರೆಗೆ ಬೀಜ ಯಾವುದೇ ಇರಲಿ, ಮುಂದಿನ ವರ್ಷ ಅದನ್ನೇ ಬಿತ್ತಬಹುದಿತ್ತು.

ಆ ಗಂಟು ಬಿಚ್ಚಿದ್ದು 1970ರಲ್ಲಿ. ಸೂರತ್‌ನಲ್ಲಿ ಸಿ.ಟಿ. ಪಟೇಲ್ ಅವರು ಹೈಬ್ರಿಡ್-4 ಎಂಬ ಹತ್ತಿಯನ್ನು ಬಿಡುಗಡೆ ಮಾಡಿದರು. ಎರಡು ವರ್ಷದಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು ‘ವರಲಕ್ಷ್ಮಿ’ ತಂದರು. ತಾಯಿ ನಮ್ಮ ಲಕ್ಷ್ಮಿ, ತಂದೆ ಬೇರೆಯೇ ಜಾತಿಯ, ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿ. 1981ರಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32, ಅಂದರೆ ‘ಜಯಲಕ್ಷ್ಮಿ’ ಬಂತು. ಇವುಗಳ ತೊಡಕು ಇಷ್ಟೇ: ಹತ್ತಿಯ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ, ಹೂವು ತನ್ನಷ್ಟಕ್ಕೆ ತಾನೇ ಕಾಯಿಗಟ್ಟುತ್ತದೆ. ಅದನ್ನು ತಡೆದು ಬೇರೆ ಗಿಡದ ಪರಾಗ ತಾಗಿಸಬೇಕು. ಅದಕ್ಕೆ ಇಂದಿಗೂ ಕೈಯೇ ಮುಖ್ಯ ಸಾಧನ.

ಹೊಲದಲ್ಲಿ ಇದರ ಹೆಸರು ‘ಕ್ರಾಸಿಂಗ್’. ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ಮೇಲೆ ಗುರುತಿಸಬೇಕು. ಅದರ ಬುಡಕ್ಕೆ ಹೆಬ್ಬೆರಳ ಉಗುರು ಊರಿ, ಎಸಳನ್ನೂ ಕೇಸರದ ಕೊಳವೆಯನ್ನೂ ಒಂದೇ ಸುತ್ತಿಗೆ ತಿರುವಿ ತೆಗೆಯಬೇಕು. ಉಗುರು ತುಸು ಆಳಕ್ಕಿಳಿದರೆ ಹೀಚು ಉದುರುತ್ತದೆ. ಒಂದೆರಡು ಪರಾಗಕೋಶ ಉಳಿದರೂ ಬೀಜ ಕಲಬೆರಕೆ. ಸಂಜೆ ಕಾಗದದ ಚೀಲ ತೊಡಿಸಿ, ಬೆಳಿಗ್ಗೆ ಗಂಡು ಗಿಡದ ಹೂವು ತಂದು ಶಲಾಕೆಗೆ ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂವಿಗೆ ಸಾಕು. ಹೂವಿನ ಕಾಲ ಮುಗಿಯುವವರೆಗೆ ದಿನಾ ಇದೇ ಕೆಲಸ. ಇಡೀ ತಂತ್ರಜ್ಞಾನದಲ್ಲಿ ಅತಿ ನಾಜೂಕಾದ ಭಾಗ ಯಾವುದೆಂದು ಕೇಳಿದರೆ ನಾನು ಈ ಉಗುರಿನ ತಿರುವನ್ನೇ ತೋರಿಸುತ್ತೇನೆ. ರಾಣೇಬೆನ್ನೂರು ಸುತ್ತಿನ ಹಳ್ಳಿಗಳು ಬೀಜೋತ್ಪಾದನೆಗೆ ಹೆಸರಾಗಿದ್ದು ಈ ಕೈಚಳಕದಿಂದ. ಹತ್ತಿಯಲ್ಲಿ ನುರಿತ ಬೆರಳುಗಳೇ ಟೊಮೆಟೊ, ಬದನೆ, ಬೆಂಡೆಯ ಹೈಬ್ರಿಡ್ ಬೀಜಕ್ಕೂ ದುಡಿದವು.

ಹೈಬ್ರಿಡ್ ಬೇರೆ, ಜೀನ್ ಕೂಡಿಸುವುದು ಬೇರೆ ಎಂಬ ಆಕ್ಷೇಪ ಸರಿಯಾದದ್ದೇ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದ ಜೀನನ್ನು ಹತ್ತಿಗೆ ಸೇರಿಸಿ, ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನನ್ನು ಎಲೆಯಲ್ಲೇ ತಯಾರಿಸುವುದು ಉಗುರಿನಿಂದ ಆಗುವ ಮಾತಲ್ಲ.  1996ರಲ್ಲಿ ಅಮೆರಿಕದ ರೈತರು ಬಿ.ಟಿ. ಹತ್ತಿ ಬಿತ್ತತೊಡಗಿದರು. ಆದರೆ ಅಲ್ಲಿ ಆ ಜೀನ್ ಸೇರಿದ್ದು ಸಾಮಾನ್ಯ ತಳಿಗಳಿಗೆ, ಬೀಜ ಕಾದಿಡದಂತೆ ತಡೆದದ್ದು ಕರಾರು ಮತ್ತು ಕಾನೂನು. ನಮ್ಮ 2001ರ ಕಾಯ್ದೆಯಾದರೋ ಬೀಜ ಉಳಿಸಿ ಬಿತ್ತುವ ರೈತನ ಹಕ್ಕನ್ನು ಕಾಪಾಡಿದೆ. ಹಾಗಿದ್ದರೂ ಇಲ್ಲಿ ಕಂಪನಿಗಳು ಧೈರ್ಯವಾಗಿ ಬಂದವು. ಯಾಕೆಂದರೆ ಅವು ಜೀನನ್ನು ಹೈಬ್ರಿಡ್‌ಗಳಲ್ಲಿ ಇಟ್ಟಿದ್ದವು. ಹೈಬ್ರಿಡ್‌ನ ಬೀಜ ಮರುವರ್ಷ ಬಿತ್ತಿದರೆ ಗುಣ ಒಡೆಯುತ್ತದೆ, ಬೀಗ ಗಿಡದೊಳಗೇ ಇದೆ. ಆ ಬೀಗವನ್ನು ಲಕ್ಷಾಂತರ ಎಕರೆಗೆ ಒದಗಿಸುವಷ್ಟು ಅಗ್ಗದ, ನುರಿತ ಕೈ ವರಲಕ್ಷ್ಮಿಯ ಕಾಲದಿಂದ ಇಲ್ಲಿ ತಯಾರಾಗಿತ್ತು.

ಅಗ್ಗ ಎಂದಾಗ ಆ ಅಗ್ಗದ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಬರಲೇಬೇಕು. ಆಂಧ್ರ ಮತ್ತು ಕರ್ನಾಟಕದ ಹತ್ತಿ ಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಹುಡುಗಿಯರು ಕ್ರಾಸಿಂಗ್ ಮಾಡುತ್ತಿದ್ದುದು 2000ದ ದಶಕದಲ್ಲಿ ವರದಿಗಳಲ್ಲಿ ಮತ್ತೆ ಮತ್ತೆ ಬಂತು. ಗಿಡದ ಎತ್ತರಕ್ಕೆ ಅವರ ಕೈ ಹೊಂದುತ್ತದೆ ಎಂಬ ಸಮರ್ಥನೆಯೂ ಇತ್ತು! ಕೌಶಲವನ್ನು ಹೊಗಳುವ ಚರಿತ್ರೆ ಇದನ್ನು ಅಡಿಟಿಪ್ಪಣಿಗೆ ತಳ್ಳಿದರೆ ಅದು ಚರಿತ್ರೆಯಲ್ಲ, ಜಾಹೀರಾತು.

ಉಗುರಿನ ಹಂಗಿಲ್ಲದ ಬಿ.ಟಿ. ಹತ್ತಿ ಸಾಧ್ಯವೇ ಇರಲಿಲ್ಲವೇ? ಇತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಕೂಡಿ ‘ಬಿಕಾನೇರಿ ನರ್ಮಾ ಬಿ.ಟಿ.’ ತಳಿಯನ್ನು ರೂಪಿಸಿದವು. ಬೀಜ ಕಾದಿಡಬಹುದಾದ, ಸರ್ಕಾರಿ ಬಿ.ಟಿ. ಹತ್ತಿ ಅದು. ಆದರೆ ಅದರಲ್ಲಿ ಮಾನ್ಸಾಂಟೋದ ಜೀನ್ ಪತ್ತೆಯಾಗಿ, 2009ರ ಹೊತ್ತಿಗೆ ಬೀಜ ಹಿಂದೆ ಸರಿಯಿತು. ವರಲಕ್ಷ್ಮಿ ಹುಟ್ಟಿದ ಊರಲ್ಲೇ ತೆರೆದ ಎರಡನೆಯ ಬಾಗಿಲು ಹೀಗೆ ಮುಚ್ಚಿತು.

ಈ ಸೀಮೆಯ ರೈತ ಹೈಬ್ರಿಡ್‌ಗೆ ಸುಮ್ಮನೆ ಮರುಳಾದ ಎನ್ನುವವರಿಗೆ ಬ್ಯಾಡಗಿ ಉತ್ತರ ಕೊಡುತ್ತದೆ. ಅದೇ ಕಪ್ಪು ಮಣ್ಣಿನ ರೈತರು ಕಡ್ಡಿ, ಡಬ್ಬಿ ಮೆಣಸಿನಕಾಯಿಯ ಬೀಜವನ್ನು ತಮ್ಮ ಬೆಳೆಯಿಂದಲೇ ಆರಿಸಿ ಕಾದಿಟ್ಟರು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಈ ಮೆಣಸಿನಕಾಯಿಗೇ. ಕಾರಣ ಮಾರುಕಟ್ಟೆಯಲ್ಲಿದೆ: ಬ್ಯಾಡಗಿಯಲ್ಲಿ ರಾಶಿ ನೋಡಿ, ಬಣ್ಣ ನೋಡಿ, ಸುಕ್ಕು ನೋಡಿ ದರ ಕಟ್ಟುತ್ತಾರೆ, ಹತ್ತಿಯಲ್ಲಿ ಎಳೆಗೆ ಬೆಲೆಯಿದ್ದರೂ ಹೆಚ್ಚಿನ ರೈತರ ಗಳಿಕೆ ತೂಕದ್ದು. ಬೀಜದ ಆಯ್ಕೆ ಲೆಕ್ಕಾಚಾರದ್ದೇ ಹೊರತು ಮೋಹದ್ದಲ್ಲ. ಗುಲಾಬಿ ಕಾಯಿಕೊರಕ ಮೊದಲ ಬಿ.ಟಿ. ಜೀನಿಗೆ ಬಗ್ಗದೆ ನಿಂತದ್ದು ಗುಜರಾತಿನಲ್ಲಿ 2010ರಲ್ಲಿ ಬಯಲಾಯಿತು. ಹಾವೇರಿಯ ಬಹುಪಾಲು ಹೊಲಗಳಲ್ಲಿ ಈಗ ಗೋವಿನಜೋಳ ನಿಂತಿದೆ. ರಾಣೇಬೆನ್ನೂರಿನ ಆಸುಪಾಸಿನ ತರಕಾರಿ ಬೀಜದ ತಾಕುಗಳಲ್ಲಿ ಮಾತ್ರ ಹೂವಿಗೆ ಪರಾಗ ಸವರುವ ಕೆಲಸ ಇನ್ನೂ ಕೈಯಲ್ಲೇ ನಡೆದಿದೆ.